ರಕ್ತಾರ್ಬುದದ ಕೋಶವೂ ಸಹಜ ಹಂತಕವೂ

ಹಿಂದೂಪುರ, ಕಲ್ಯಾಣದುರ್ಗಗಳ ಕಡೆಯಿಂದ ರಕ್ತಾರ್ಬುದದ ಚಿಕಿತ್ಸೆಗೆಂದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬರುವ ಕನ್ನಡ ಕುಟುಂಬಗಳ ಕೈಚೀಲದಲ್ಲಿ, ರಕ್ತಪರೀಕ್ಷೆಯ ವರದಿಗಳ ಜೊತೆಗೆ, ರೋಗನಿರೋಧಕ ಶಕ್ತಿಯನ್ನು ವರ್ಧಿಸುವುದೆಂದು ನಂಬಿಸಿ ಮಾರಿದ ಚೂರ್ಣದ ಡಬ್ಬಿಯೂ ಇರುವುದುಂಟು. ರಕ್ಷಕ ಕೋಶಗಳು ಸೊರಗಿದ್ದರಿಂದಲೇ ರೋಗ ಬಂದಿತು, ಅವನ್ನು ಪುಷ್ಟಿಗೊಳಿಸಿದರೆ ತೊಲಗೀತು ಎಂಬ ತಿಳಿವಳಿಕೆಯು ವಿದ್ಯಾವಂತರಲ್ಲಿಯೂ ಬೇರೂರಿರುವುದರಿಂದ, ಆ ರಕ್ಷಕ ಕೋಶಗಳಲ್ಲಿ ಒಂದು ಬಗೆಯವಾದ ಸಹಜ ಹಂತಕ ಕೋಶಗಳ ಶಾಸ್ತ್ರವು ನಡೆದುಬಂದ ದಾರಿಯನ್ನು ನಿರೂಪಿಸುವುದು ಅವಶ್ಯವೆಂದು ತೋರಿತು.

ಪ್ರಾರಂಭದ ಕಥೆ ಚಿಕ್ಕದು. ಪೂರ್ವಪರಿಚಯವಿಲ್ಲದೆಯೇ ಅರ್ಬುದ ಕೋಶವನ್ನು ಕೊಲ್ಲಬಲ್ಲ ಬಿಳಿ ರಕ್ತಕಣವನ್ನು 1975ರಲ್ಲಿ ಸ್ಟಾಕ್‌ಹೋಮಿನ ಕೀಸ್ಲಿಂಗ್, ಕ್ಲೈನ್, ವಿಗ್‌ಜೆಲ್ ಅವರೂ ಅಮೆರಿಕದ ಹರ್ಬರ್ಮನ್ ಅವರೂ ವರ್ಣಿಸಿದರು. ಸ್ವಂತದ್ದೆಂಬ ಗುರುತು ಯಾವ ಕೋಶದ ಮೇಲೆ ಲುಪ್ತವಾಗಿದೆಯೋ ಅದನ್ನು ಈ ಹಂತಕವು ಕೊಲ್ಲುವುದೆಂದು 1986ರಲ್ಲಿ ಕಾರೆ ಮತ್ತು ಸಂಗಡಿಗರು ತೋರಿಸಿದರು. ನಮ್ಮ ತಲೆಮಾರಿನವರು ಈ ವಿದ್ಯೆಯನ್ನು ಕಲಿತದ್ದು ಕೆ562 ಎಂಬ ರಕ್ತಾರ್ಬುದದ ಕೋಶಸಂತತಿಯ ಮೇಲೆ: ಅದಕ್ಕೆ ವಿಕಿರಣಶೀಲ ಕ್ರೋಮಿಯಂ ಉಣಿಸಿ, ಹಂತಕಗಳೊಡನೆ 37 ಡಿಗ್ರಿ ಶಾಖದಲ್ಲಿ 4 ಗಂಟೆ ಇರಿಸಿ, ಒಡೆದ ಕೋಶಗಳಿಂದ ದ್ರವಕ್ಕೆ ಸೋರಿದ ಕ್ರೋಮಿಯಂ ಎಷ್ಟೆಂದು ಅಳೆಯುವುದು. ಕೆ562 ಸುಲಭವಾಗಿ ಸಾಯುತ್ತದೆ. ರೋಗಿಯ ಮಜ್ಜೆಯಿಂದ ಆಗತಾನೆ ತೆಗೆದ ಕೋಶವು ಬಹುಮಟ್ಟಿಗೆ ಹಾಗೆ ಸಾಯುವುದಿಲ್ಲ. ಆ ಒಂದು ಕೋಶದ ವಿಧೇಯತೆಯನ್ನು ನೆಚ್ಚಿ ನಾವು ಬಹುಕಾಲ ಕಳೆದೆವೆಂದೇ ನನ್ನ ಅಭಿಪ್ರಾಯ.

ದಾರಿ ತಿರುಗಿದುದು, ಕೋಶವು ಪೀಡೆಗೊಳಗಾದಾಗ ಹೊರಮೈಯಲ್ಲಿ ತೋರುವ ಪ್ರೋಟೀನುಗಳ ಅಧ್ಯಯನದಿಂದ. ಅಂಥದೊಂದಾದ ಎಂಐಸಿಎ, ಹಂತಕದ ಮೇಲಿನ ಎನ್‌ಕೆಜಿ2ಡಿ ಎಂಬ ಗ್ರಾಹಕಕ್ಕೆ ಅಂಟಿ ಅದನ್ನು ಕೆರಳಿಸುವುದೆಂದು 1999ರಲ್ಲಿ ಸಿಯಾಟಲಿನ ಸ್ಪೀಸ್ ಅವರ ತಂಡವು ಸಾರಿತು. ಡಿಎನ್‌ಎಗೆ ಘಾತವಾದಾಗಲೂ ಈ ಬಗೆಯ ಸಂಕೇತಗಳು ಮೂಡುವುವೆಂದು 2005ರಲ್ಲಿ ಬರ್ಕ್ಲಿಯ ರೌಲೆ ಅವರ ಬಳಗವು ಸ್ಥಾಪಿಸಿತು. ಶಾಖಾಘಾತದ ಪ್ರೋಟೀನಾದ ಎಚ್‌ಎಸ್‌ಪಿ70 ಅರ್ಬುದ ಕೋಶದ ಹೊರಪೊರೆಯಲ್ಲಿ ಕಾಣಿಸಿಕೊಂಡು ಹಂತಕಗಳನ್ನು ಸೆಳೆಯುವುದೆಂದು ಜರ್ಮನಿಯ ಮುಲ್ಟ್‌ಹೋಫ್ ಅವರು ವರ್ಷಗಟ್ಟಲೆ ಶ್ರಮಿಸಿ ತೋರಿಸಿದರು. ಅವರ ಕಾರ್ಯಕ್ಕೆ ದೊರೆಯಬೇಕಾದಷ್ಟು ಮನ್ನಣೆ ದೊರೆಯಲಿಲ್ಲ.

ಆದರೆ ಇವೆಲ್ಲಕ್ಕಿಂತ ರಕ್ತಾರ್ಬುದಕ್ಕೆ ನೇರವಾಗಿ ಸಂಬಂಧಿಸಿದುದು, 2003ರಲ್ಲಿ ಟ್ಯೂಬಿಂಗನ್‌ನ ಸಾಲಿಹ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಶೋಧ: ರೋಗಿಗಳ ಅರ್ಬುದ ಕೋಶಗಳು ಈ ಸಂಕೇತಗಳನ್ನು ಮೈಮೇಲೆ ಧರಿಸುವುದಷ್ಟೇ ಅಲ್ಲದೆ, ಕಿಣ್ವಗಳು ಅವನ್ನು ಕತ್ತರಿಸಲಾಗಿ, ರಕ್ತದೊಳಕ್ಕೂ ಬಿಡುಗಡೆ ಮಾಡುತ್ತವೆ. ಹೀಗೆ ತೇಲುವ ಎಂಐಸಿಎ ಹಂತಕಗಳ ಗ್ರಾಹಕವನ್ನು ಕುಗ್ಗಿಸುತ್ತದೆ. ಆದುದರಿಂದ ರೋಗಿಯ ಹಂತಕಗಳಲ್ಲಿ ಕಾಣುವ ದೌರ್ಬಲ್ಯದ ಒಂದು ಭಾಗವಾದರೂ ರೋಗದ ಮೂಲವಲ್ಲ, ರೋಗವೇ ಉಂಟುಮಾಡಿದುದು; ಚೂರ್ಣದಿಂದ ಅದು ನೀಗಲಾರದು. 2019ರಲ್ಲಿ ಲೆಂಗರ್ಕೆ ಅವರ ತಂಡವು ಇನ್ನೂ ಮುಂದೆ ಹೋಗಿ, ರೋಗವನ್ನು ಮರುಕಳಿಸಬಲ್ಲ ಕಾಂಡಕೋಶಗಳಲ್ಲಿ ಈ ಸಂಕೇತಗಳೇ ಇರುವುದಿಲ್ಲವೆಂದೂ, ಪಾರ್ಪ್1 ಎಂಬ ಕಿಣ್ವವನ್ನು ತಡೆದರೆ ಅವು ಮರಳಿ ತೋರುವುವೆಂದೂ ಕಂಡಿತು. ಹೂಸ್ಟನ್‌ನಲ್ಲಿ ಮಾರ್ಪಡಿಸಿದ ಹಂತಕಗಳನ್ನು ಪಡೆದ 11 ಮಂದಿಯಲ್ಲಿ 8 ಮಂದಿಗೆ ಗುಣ ತೋರಿತೆಂಬ 2020ರ ವರದಿಗೆ ದೊರೆತ ಪ್ರಚಾರ ಇದಕ್ಕೆ ದೊರೆಯಲಿಲ್ಲವಾದರೂ, ಹೆಚ್ಚು ಆಳವಾದುದು ಇದೇ.

ಎಂಐಸಿಎ ಜೀನು ಜನಸಮುದಾಯದಿಂದ ಸಮುದಾಯಕ್ಕೆ ಬಹಳ ಭೇದವುಳ್ಳದ್ದು. ನಾನಿಲ್ಲಿ ಹೇಳಿದ ಶೋಧಗಳಾದರೋ ಯೂರೋಪು, ಅಮೆರಿಕಗಳ ಪ್ರಯೋಗಾಲಯಗಳವು. ಅವು ನಮ್ಮವರಿಗೂ ಹಾಗೆಯೇ ಸಲ್ಲುವುವೋ ಎಂದು ತಿಳಿಯಲು ತೇಲುವ ಎಂಐಸಿಎಯನ್ನು ಇಲ್ಲಿಯೂ ಅಳೆಯಬೇಕು; ಅದಕ್ಕಾಗಿ ನಮ್ಮ ರೋಗಿಗಳ ಮೊದಲ ರಕ್ತಮಾದರಿಯಿಂದ, ಔಷಧೋಪಚಾರ ಆರಂಭವಾಗುವುದಕ್ಕೆ ಮುಂಚೆ, ಅವರ ಒಪ್ಪಿಗೆ ಪಡೆದು, ಸ್ವಲ್ಪ ಪ್ಲಾಸ್ಮಾವನ್ನು ಶೈತ್ಯದಲ್ಲಿ ಕಾಪಿಡುವುದು ದೊಡ್ಡ ವೆಚ್ಚದ ಕೆಲಸವಲ್ಲ. ಹಿಂದೂಪುರ, ಕಲ್ಯಾಣದುರ್ಗಗಳ ವೈದ್ಯಮಿತ್ರರಲ್ಲಿ ನನ್ನ ವಿನಂತಿ ಇಷ್ಟು: ಬಿಡದ ಜ್ವರ, ಬಿಳಿಚಿದ ಮೈ, ಒಸಡಿನ ರಕ್ತಸ್ರಾವ ಒಟ್ಟಿಗೆ ಕಂಡಾಗ ರಕ್ತಲೇಪವನ್ನು ಅಂದೇ ನೋಡಿಸಿ, ಸಂದೇಹವಿದ್ದವರನ್ನು ತಡಮಾಡದೆ ಬೆಂಗಳೂರಿಗೆ ಕಳುಹಿಸಿರಿ.