ಬರೆದಿಟ್ಟ ಮುಯ್ಯಿ, ಬರೆಯದ ಉಪಕಾರ



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಆಡಳಿತ ಮಂಡಳಿಯವರು ಹೇಳಿದಾಗ ನಾವು ಹಿಂದೆ ಮುಂದೆ ನೋಡಿದ್ದು ನಿಜ. ನಾವು ಎಸ್ಸೆಸ್ಸೆಲ್ಸಿವರೆಗೆ ಓದಿ ಮಡಕೆ ಹಿಡಿದವರು. ಷೇರು ಎಷ್ಟು, ಠೇವಣಿ ಎಷ್ಟು, ಸಾಲ ಎಷ್ಟು ಎಂಬುದನ್ನೆಲ್ಲ ಕಾರ್ಯದರ್ಶಿಗಳು ತಮ್ಮ ವರದಿಯಲ್ಲಿ ಕೊಟ್ಟಿದ್ದಾರೆ. ಆದುದರಿಂದ ಲೆಕ್ಕದ ಪುಸ್ತಕ ಶುರುವಾಗುವುದಕ್ಕಿಂತ ಮೊದಲು ನಮ್ಮ ಸಂಡೂರು ಸೀಮೆಯಲ್ಲಿ ಒಬ್ಬರಿಗೊಬ್ಬರು ಹೇಗೆ ಆಗುತ್ತಿದ್ದರು, ಅದು ಸಂಘ ಎಂಬುವ ರೂಪಕ್ಕೆ ಹೇಗೆ ಬಂತು, ಬರುವಾಗ ಏನನ್ನು ತಂತು, ಏನನ್ನು ಬಿಟ್ಟು ಬಂತು ಎಂಬುದನ್ನು ನಮಗೆ ತಿಳಿದ ಮಟ್ಟಿಗೆ ಬರೆಯುತ್ತೇವೆ.

ಮುಯ್ಯಿ ಎಂಬ ಮೊದಲ ಖಾತೆ

ಮಳೆ ಬಿದ್ದು ಹೊಲ ಹದಕ್ಕೆ ಬಂದರೆ ಆ ಹದ ಎರಡು ಮೂರು ದಿವಸ ಮಾತ್ರ. ಅಷ್ಟರೊಳಗೆ ಕೂರಿಗೆ ಹೂಡಬೇಕು. ಎಲ್ಲರ ಮನೆಯಲ್ಲೂ ಜೋಡೆತ್ತು ಇರುತ್ತಿರಲಿಲ್ಲ. ಒಂದೇ ಎತ್ತು ಇದ್ದವನು ಇನ್ನೊಬ್ಬ ಒಂಟೆತ್ತಿನವನ ಜೊತೆ ಜೋಡಿ ಮಾಡಿಕೊಂಡು ಇವತ್ತು ಇವನ ಹೊಲ, ನಾಳೆ ಅವನ ಹೊಲ ಅಂತ ಬಿತ್ತುತ್ತಿದ್ದರು. ಕಳೆ ತೆಗೆಯುವಾಗ, ಜೋಳ ಕೊಯ್ಯುವಾಗ ಹೆಣ್ಣುಮಕ್ಕಳು ಮುಯ್ಯಾಳಾಗಿ ಹೋಗುತ್ತಿದ್ದರು. ಕೂಲಿ ಇಲ್ಲ. ನಮ್ಮ ಹೊಲಕ್ಕೆ ನಾಲ್ಕು ಆಳು ಬಂದಿದ್ದರೆ ನಾವು ಅವರ ಹೊಲಕ್ಕೆ ನಾಲ್ಕು ಆಳು ಹೋಗಬೇಕು. ಇದನ್ನು ಯಾರೂ ಬರೆದಿಡುತ್ತಿರಲಿಲ್ಲ, ಆದರೆ ಯಾರೂ ಮರೆಯುತ್ತಲೂ ಇರಲಿಲ್ಲ.

ಮದುವೆಯಲ್ಲಿ ಮಾತ್ರ ಬರೆದಿಡುತ್ತಿದ್ದರು. ಹಂದರದ ಕೆಳಗೆ ಅಕ್ಷರ ಬಲ್ಲವರೊಬ್ಬರು ಪುಸ್ತಕ ಹಿಡಿದು ಕೂತು ಇಂಥವರದು ಒಂದೂಕಾಲು ರೂಪಾಯಿ, ಇಂಥವರದು ಒಂದು ಕುಪ್ಪಸದ ಕಣ, ಇಂಥವರದು ಐದು ಸೇರು ಅಕ್ಕಿ ಎಂದು ಮುಯ್ಯಿ ಬರೆಯುತ್ತಿದ್ದರು. ಆ ಪುಸ್ತಕವನ್ನು ಹಿರಿಯರು ಟ್ರಂಕಿನಲ್ಲಿ ಜೋಪಾನವಾಗಿ ಇಡುತ್ತಿದ್ದರು. ಮುಂದೆ ಅವರ ಮನೆಯಲ್ಲಿ ಕಾರ್ಯವಾದಾಗ ತೆಗೆದು ನೋಡಿ, ಅಷ್ಟಕ್ಕೆ ಒಂದಿಷ್ಟು ಸೇರಿಸಿ ಕೊಡಬೇಕು. ನಮ್ಮ ಅಭಿಪ್ರಾಯದಲ್ಲಿ ನಮ್ಮ ಹಳ್ಳಿಗಳ ಮೊದಲ ಸಹಕಾರಿ ಖಾತೆ ಪುಸ್ತಕ ಎಂದರೆ ಇದೇ. ಒಂದು ಮನೆಗೆ ಒಂದೇ ಸಲ ಬರುವ ದೊಡ್ಡ ಖರ್ಚನ್ನು ಇಡೀ ಊರು ಹಂಚಿಕೊಳ್ಳುವ ಉಪಾಯ ಅದು.

ಹಗೇವು ಇದ್ದ ಕಾಲದಲ್ಲಿ ಇನ್ನೊಂದು ಪದ್ಧತಿ ಇತ್ತು. ನೆಲದೊಳಗಿನ ಹಗೇವಿನಲ್ಲಿ ತುಂಬಿದ ಜೋಳವನ್ನು ಬೇಸಿಗೆಯಲ್ಲಿ ತೆಗೆಯುವ ದಿವಸ ಅಕ್ಕಪಕ್ಕದವರಿಗೆ ಗೊತ್ತಾಗುತ್ತಿತ್ತು. ಕಾಳು ತೀರಿದವರು ಪಾತ್ರೆ ತಗೊಂಡು ಬಂದರೆ ಕೈಗಡವಾಗಿ ಕೊಡುತ್ತಿದ್ದರು. "ಸುಗ್ಗಿ ಬಂದ ಮ್ಯಾಗ ಹಾಕ್ರಿ, ಈಗ ಒಯ್ರಿ" ಅನ್ನುವುದಷ್ಟೇ ಕಾಗದ ಪತ್ರ.

ಲೆಕ್ಕವಿಲ್ಲದ ಉಪಕಾರ

ಇದೆಲ್ಲ ಗುರುತು ಪರಿಚಯದವರ ನಡುವಿನ ಮಾತಾಯಿತು. ಗುರುತಿಲ್ಲದವರಿಗೆ ಮಾಡುವುದು ಬೇರೆ. ಕಾರ್ತಿಕ ಮಾಸದಲ್ಲಿ ಕುಮಾರಸ್ವಾಮಿ ಬೆಟ್ಟಕ್ಕೆ ದೂರದೂರದಿಂದ ಭಕ್ತರು ಬರುತ್ತಾರೆ. ಬಸ್ಸು ಮೋಟಾರು ಇಲ್ಲದಾಗ ನಡೆದೇ ಬರುತ್ತಿದ್ದರು, ಗಾಡಿ ಹೂಡಿಕೊಂಡು ಬರುತ್ತಿದ್ದರು. ಅವರಿಗೆ ದಾರಿಯ ಊರಿನವರು ಜಗಲಿ ಬಿಟ್ಟುಕೊಡುತ್ತಿದ್ದರು, ಎತ್ತಿಗೆ ಸೊಪ್ಪೆ ಹಾಕುತ್ತಿದ್ದರು, ರೊಟ್ಟಿ ಬುತ್ತಿ ಕಟ್ಟಿ ಕೊಡುತ್ತಿದ್ದರು. ಬೇಸಿಗೆಯಲ್ಲಿ ದೊಡ್ಡ ಮರದ ಬುಡದಲ್ಲಿ ಗಡಿಗೆ ಇಟ್ಟು ಅರವಟ್ಟಿಗೆ ನಡೆಸುವುದು ಪುಣ್ಯದ ಕೆಲಸ ಎಂದಿತ್ತು. ಕಣದಲ್ಲಿ ರಾಶಿ ಮಾಡುವಾಗ ಯಾರೇ ಬಂದು ನಿಂತರೂ ಮೊರದಷ್ಟು ಕಾಳು ಹಾಕಿಯೇ ರಾಶಿ ಎತ್ತಬೇಕು. ಇವಕ್ಕೆ ಮುಯ್ಯಿ ಇಲ್ಲ. ನೀರು ಕುಡಿದು ಹೋದವನು ತಿರುಗಿ ಬರುವವನಲ್ಲ.

ನಮ್ಮ ನೆರೆಯ ಹಂಪಿಯನ್ನು ನೋಡಿದವರಿಗೆ ಅಲ್ಲಿಯ ಭೋಜನ ಶಾಲೆ ಎಂದು ಕರೆಯುವ ಜಾಗ ನೆನಪಿರಬಹುದು. ನೀರಿನ ಕಾಲುವೆ, ಅದರ ಎರಡೂ ದಂಡೆಗೆ ಕಲ್ಲಿನಲ್ಲೇ ಕೆತ್ತಿದ ಊಟದ ತಟ್ಟೆಗಳು ಸಾಲಾಗಿ ಇವೆ. ಒಳಗೆ ಪಲ್ಯಕ್ಕೆ ಬೇರೆ, ಅನ್ನಕ್ಕೆ ಬೇರೆ ಎಂಬಂತೆ ಗುಳಿಗಳನ್ನೂ ಕಡೆದಿದ್ದಾರೆ. ಸಾಲಾಗಿ ಕೂತು ಉಣ್ಣುವುದಕ್ಕೆ ಕಲ್ಲಿನಲ್ಲೇ ವ್ಯವಸ್ಥೆ ಮಾಡಿಟ್ಟ ಸೀಮೆ ನಮ್ಮದು ಎಂದು ಹೆಮ್ಮೆ ಪಡಬಹುದು.

ಆದರೆ ಇತಿಹಾಸ ಬರೆಯುವಾಗ ಹೆಮ್ಮೆಯದನ್ನು ಮಾತ್ರ ಬರೆದರೆ ಅರ್ಧ ಬರೆದಂತೆ. ಅರವಟ್ಟಿಗೆಯ ನೀರು ಎಲ್ಲರಿಗೂ ಇತ್ತು, ಆದರೆ ಎಲ್ಲರಿಗೂ ಒಂದೇ ರೀತಿ ಇರಲಿಲ್ಲ. ಕೆಲವರಿಗೆ ತಂಬಿಗೆ ಕೈಗೆ ಕೊಡುತ್ತಿದ್ದರು, ಕೆಲವರಿಗೆ ಬೊಗಸೆಗೆ ಮೇಲಿನಿಂದ ಸುರಿಯುತ್ತಿದ್ದರು. ಜಗಲಿ ಏರುವವರು ಬೇರೆ, ಅಂಗಳದಲ್ಲಿ ನಿಲ್ಲುವವರು ಬೇರೆ. ಇಂಥ ಕಾಲದಲ್ಲಿ, 1932ರಲ್ಲಿ, ಸಂಡೂರು ಸಂಸ್ಥಾನದ ರಾಜರಾದ ಯಶವಂತರಾವ್ ಘೋರ್ಪಡೆಯವರು ಕುಮಾರಸ್ವಾಮಿ ದೇವಸ್ಥಾನವನ್ನು ಹರಿಜನರಿಗೆ ತೆರೆದರು. ತಿರುವಾಂಕೂರಿನ ಪ್ರಸಿದ್ಧ ದೇವಾಲಯ ಪ್ರವೇಶ ಘೋಷಣೆ ಹೊರಟದ್ದು 1936ರಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲೇ ನಮ್ಮ ಚಿಕ್ಕ ಸಂಸ್ಥಾನ ಈ ಕೆಲಸ ಮಾಡಿತು. 1934ರಲ್ಲಿ ಮಹಾತ್ಮ ಗಾಂಧೀಜಿಯವರು ಹರಿಜನ ಯಾತ್ರೆಯ ಕಾಲದಲ್ಲಿ ಸಂಡೂರಿಗೂ ಬಂದು ಹೋದರು. ಗುಡಿಯ ಬಾಗಿಲು ಒಂದು ದಿವಸದಲ್ಲಿ ತೆರೆಯಿತು, ಮನೆಯ ಬಾಗಿಲು ತೆರೆಯಲು ಬಹಳ ವರ್ಷ ಬೇಕಾಯಿತು. ಆದರೂ ದೊಡ್ಡವರು ಬಾಗಿಲು ತೆರೆದರೆ ಚಿಕ್ಕವರಿಗೆ ಧೈರ್ಯ ಬರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಎಲ್ಲರ ಹಗೇವೂ ಬರಿದಾದಾಗ

ಮುಯ್ಯಿಗೂ ದಾನಕ್ಕೂ ಒಂದು ಮಿತಿ ಉಂಟು. ಒಬ್ಬನ ಮನೆ ಸುಟ್ಟರೆ ಊರು ನಿಲ್ಲುತ್ತದೆ. ಊರೆಲ್ಲ ಸುಟ್ಟರೆ ನಿಲ್ಲುವವರು ಯಾರು? ಬರಗಾಲ ಎಂದರೆ ಇದೇ. 1876ರಿಂದ 78ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಿದ್ದ ಬರವನ್ನು ಬಳ್ಳಾರಿ ಸೀಮೆ ಮರೆಯುವಂತಿಲ್ಲ. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಯಿತು. ಸರ್ಕಾರ ಗಂಜಿ ಕೇಂದ್ರ ತೆರೆಯಿತು, ಕಲ್ಲು ಒಡೆಯುವ ಕೆಲಸ ಕೊಟ್ಟಿತು. ಆದರೆ ನೆರೆಯವನ ಹಗೇವು ಬರಿದಾದ ಮೇಲೆ ಕೈಗಡ ಕೊಡುವವನು ಸಾಹುಕಾರ ಒಬ್ಬನೇ. ಅವನ ಬಡ್ಡಿ ಹೊಲವನ್ನೇ ನುಂಗುತ್ತಿತ್ತು.

ಇದರಿಂದ ಒಂದು ಮಾತು ತಿಳಿಯುತ್ತದೆ. ಕರುಣೆ ಇದ್ದರೆ ಸಾಲದು, ಅದು ಒಂದು ಓಣಿಗಿಂತ ದೊಡ್ಡದಾಗಿರಬೇಕು. ಇಲ್ಲಿ ಮಳೆ ಹೋದರೆ ಮತ್ತೆಲ್ಲಿಯದೋ ಕಾಳು, ಮತ್ತೆಲ್ಲಿಯದೋ ದುಡ್ಡು ಇಲ್ಲಿಗೆ ಬರುವಂತೆ ಇರಬೇಕು.

ಇದೇ ಮಾತು ಸಮುದ್ರದಾಚೆ ಜರ್ಮನಿಯ ಒಬ್ಬ ಹಳ್ಳಿಯ ಅಧಿಕಾರಿಗೂ ಹೊಳೆದಿತ್ತು. ಫ್ರೆಡರಿಕ್ ರೈಫೈಸನ್ ಎಂಬುವರು. 1846-47ರ ಚಳಿಗಾಲದಲ್ಲಿ ಅಲ್ಲಿ ಬೆಳೆ ಹೋಗಿ ಜನ ಹಸಿದಾಗ, ಕೈಯಲ್ಲಿ ಕಾಸಿಲ್ಲದವರಿಗೂ ಸಾಲದ ಮೇಲೆ ರೊಟ್ಟಿ ಸಿಗುವಂತೆ ಊರ ಅನುಕೂಲಸ್ಥರನ್ನು ಕೂಡಿಸಿ ಒಂದು ರೊಟ್ಟಿ ಸಂಘ ಮಾಡಿದರು. ಬರೀ ದಾನದಿಂದ ಬಡತನ ಹೋಗದು, ದಾನಿಗಳ ಉತ್ಸಾಹ ಕಡಿಮೆಯಾದರೆ ಸಂಘವೂ ನಿಲ್ಲುತ್ತದೆ ಎಂದು ಅನುಭವದಿಂದ ಕಂಡುಕೊಂಡು 1864ರಲ್ಲಿ ಸಾಲ ಪಡೆಯುವವರೇ ಸದಸ್ಯರಾಗಿರುವ ಸಂಘವನ್ನು ಸ್ಥಾಪಿಸಿದರು. ನಮ್ಮ ಬಳ್ಳಾರಿ ಜಿಲ್ಲೆ ಆಗ ಸೇರಿದ್ದ ಮದರಾಸು ಪ್ರಾಂತದ ಸರ್ಕಾರ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಇಂಥ ಸಂಘಗಳನ್ನು ಅಭ್ಯಾಸ ಮಾಡಲು ನೇಮಿಸಿತು. ಅವರ ವರದಿ 1895 ಮತ್ತು 1897ರಲ್ಲಿ ಎರಡು ಸಂಪುಟವಾಗಿ ಬಂತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಆಯಿತು. ಮರುವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಹೊಸಪೇಟೆ, ಕೊಪ್ಪಳ ದಾಟಿದರೆ ಸಿಗುವ ಗದಗ ಸೀಮೆಯ ಈ ಹಳ್ಳಿಯೇ ಭಾರತದ ಸಹಕಾರಿ ಚಳುವಳಿಯ ತವರು ಎಂಬುದು ಕನ್ನಡಿಗರೆಲ್ಲರಿಗೂ ಅಭಿಮಾನದ ಸಂಗತಿ.

ಸಂಡೂರು 1949ರಲ್ಲಿ ಮದರಾಸು ರಾಜ್ಯಕ್ಕೆ ಸೇರಿ, 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ತಾಲ್ಲೂಕುಗಳ ಜೊತೆ ಮೈಸೂರು ರಾಜ್ಯಕ್ಕೆ ಬಂತು. ರಾಜರು ಹೋದರು, ಸರ್ಕಾರಗಳು ಬದಲಾದವು. ಮುಯ್ಯಿಯ ಬುದ್ಧಿ ಮಾತ್ರ ಹಳ್ಳಿಗಳಲ್ಲಿ ಹಾಗೇ ಇತ್ತು. ಅದರ ಮೇಲೇ ನಮ್ಮ ಸಂಘವೂ ನಿಂತಿತು.

ಸಂಘ ತಂದದ್ದು

ಜಾಮೀನು ಎಂದರೇನು? ನಮ್ಮ ಪಕ್ಕದ ಹೊಲದವನು ತೀರಿಸದಿದ್ದರೆ ನಾವು ತೀರಿಸುತ್ತೇವೆ ಎಂದು ರುಜು ಹಾಕುವುದು. ಇದು ಮುಯ್ಯಾಳಿನ ಹೊಸ ರೂಪ. ಷೇರು ಹಣ ಎಂದರೆ ಹಗೇವಿನ ಹೊಸ ರೂಪ. ಎಲ್ಲರೂ ಒಂದೊಂದು ಕೊಳಗ ಹಾಕಿದರೆ ಬೇಕಾದವನು ಒಯ್ಯಬಹುದು.

ಸಂಘಗಳ ಮೂಲಕ ಗುರುತಿಲ್ಲದವರಿಗೂ ಉಪಕಾರವಾದ ಒಂದು ಉದಾಹರಣೆ ಹೇಳಬೇಕು. 2003ರ ಜೂನ್‌ನಲ್ಲಿ ಯಶಸ್ವಿನಿ ಯೋಜನೆ ಶುರುವಾದಾಗ ಸಹಕಾರಿ ರೈತ ಸದಸ್ಯರು ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿದರು. "ನಮಗೇನೂ ಕಾಯಿಲೆ ಇಲ್ಲಲ್ರಿ, ಯಾಕ ಕಟ್ಟಬೇಕು?" ಎಂದು ಕೇಳಿದವರು ಬಹಳ ಮಂದಿ. ಅದಕ್ಕೆ ಉತ್ತರ ಸುಲಭ. ನೀವು ಕಟ್ಟಿದ ಐದು ರೂಪಾಯಿ ಬೀದರ್‌ನಲ್ಲೋ ಮಂಡ್ಯದಲ್ಲೋ ನೀವು ಎಂದೂ ನೋಡದ ಒಬ್ಬ ರೈತನ ಆಪರೇಷನ್‌ಗೆ ಹೋಗುತ್ತದೆ. ನಿಮಗೆ ಬಂದರೆ ಅವನ ಐದು ರೂಪಾಯಿ ಇಲ್ಲಿಗೆ ಬರುತ್ತದೆ. ಯೋಜನೆ 2018ರಲ್ಲಿ ನಿಂತಿತು, 2022-23ರಲ್ಲಿ ಮತ್ತೆ ಜಾರಿಗೆ ಬಂತು. ಅರವಟ್ಟಿಗೆಯ ನೀರು ರಾಜ್ಯವೆಲ್ಲ ಹರಿದಂತೆ ಇದು.

ಸಂಘ ಬಿಟ್ಟು ಬಂದದ್ದು

ಈಗ ಮುಖ್ಯ ಮಾತಿಗೆ ಬರುತ್ತೇವೆ. ಸಂಘ ಮುಯ್ಯಿಯನ್ನು ಉಳಿಸಿತು, ಆದರೆ ಲೆಕ್ಕವಿಲ್ಲದ ಉಪಕಾರ ಹಿಂದೆ ಬಿತ್ತು. ಸಂಘದ ನಿಯಮದಲ್ಲಿ ಇರುವುದು ಸದಸ್ಯ. ಸದಸ್ಯನಲ್ಲದವನಿಗೆ ಖಾತೆಯೂ ಇಲ್ಲ, ಕಾಲಂ ಕೂಡ ಇಲ್ಲ. ಇತ್ತ ಊರಿನಲ್ಲೂ ಅದು ಕಡಿಮೆಯಾಯಿತು. 2000ದ ನಂತರ ಅದಿರಿನ ಬೆಲೆ ಏರಿ ಹಗಲು ರಾತ್ರಿ ಲಾರಿ ಓಡಿದವು. ದಾರಿ ಪಕ್ಕದ ಬೆಳೆ ಕೆಂಪಾಯಿತು. ಹುಡುಗರು ಕೂರಿಗೆ ಬಿಟ್ಟು ಸ್ಟೇರಿಂಗ್ ಹಿಡಿದರು. ಕೈಯಲ್ಲಿ ದುಡ್ಡು ಆಡಿದಾಗ ಮುಯ್ಯಾಳು ಯಾರಿಗೆ ಬೇಕು? 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ನಿರ್ಬಂಧಗಳೊಂದಿಗೆ ಅದು ಮತ್ತೆ ನಡೆಯಿತು. ಆದರೆ ನಿಂತ ಆ ದಿವಸಗಳಲ್ಲಿ ಲಾರಿ ಕಂತು ಕಟ್ಟಲಾಗದವರು, ಕೂಲಿ ಹೋದವರು ಎಷ್ಟೋ ಮಂದಿ. ದುಡ್ಡು ಹೋದ ಮೇಲೆ ಮುಯ್ಯಿ ತಾನಾಗಿ ವಾಪಸ್ಸು ಬರಲಿಲ್ಲ. ಬಳಸದ ಬಾವಿಯಲ್ಲಿ ಹೂಳು ತುಂಬುತ್ತದೆ, ಬೇಕಾದ ದಿವಸ ಕೊಡ ಇಳಿಸಿದರೆ ನೀರು ಸಿಗದು.

ಇವತ್ತು ನಮ್ಮ ಸೀಮೆಯಲ್ಲಿ ಗುರುತಿಲ್ಲದವರು ಎಂದರೆ ಬೆಟ್ಟಕ್ಕೆ ನಡೆದು ಬರುವ ಭಕ್ತರಷ್ಟೇ ಅಲ್ಲ. ಹೊರ ರಾಜ್ಯದಿಂದ ಕೆಲಸಕ್ಕೆ ಬಂದ ಹುಡುಗರು, ಬಿಸಿಲಲ್ಲಿ ಸರತಿಗೆ ನಿಂತ ಲಾರಿ ಡ್ರೈವರುಗಳು, ಗುಳೆ ಹೋದ ತಾಂಡಾದ ಮನೆಗಳಲ್ಲಿ ಉಳಿದ ಮುದುಕರು. ಇವರಲ್ಲಿ ಯಾರೂ ನಮ್ಮ ಸದಸ್ಯರಲ್ಲ.

1995ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಹಕಾರಿ ಒಕ್ಕೂಟ ಸಹಕಾರ ತತ್ವಗಳಿಗೆ ಏಳನೆಯದನ್ನು ಸೇರಿಸಿತು. ಸಂಘವು ತನ್ನ ಸದಸ್ಯರ ಜೊತೆಗೆ ತಾನಿರುವ ಸಮುದಾಯದ ಬಗ್ಗೆಯೂ ಕಾಳಜಿ ಇಡಬೇಕು ಎಂಬುದು ಅದರ ಸಾರಾಂಶ. ಅಲ್ಲಿಯವರು 1995ರಲ್ಲಿ ಬರೆದದ್ದನ್ನು ನಮ್ಮ ಹೆಣ್ಣುಮಕ್ಕಳು ಮರದ ಬುಡದಲ್ಲಿ ಗಡಿಗೆ ಇಟ್ಟು ಮೊದಲೇ ಮಾಡುತ್ತಿದ್ದರು.

ಆದುದರಿಂದ ರಜತ ಮಹೋತ್ಸವದ ನೆನಪಿಗೆ ಕಟ್ಟಡ, ಕಮಾನು ಕಟ್ಟಿಸುವುದರ ಜೊತೆಗೆ ಮೂರು ಚಿಕ್ಕ ಕೆಲಸಗಳನ್ನು ಮಹಾಸಭೆಯ ಮುಂದೆ ಇಡುತ್ತಿದ್ದೇವೆ. ಒಂದು, ಸಂಘದ ಮುಂದೆ ಶಿವರಾತ್ರಿಯಿಂದ ಮುಂಗಾರಿನವರೆಗೆ ಅರವಟ್ಟಿಗೆ, ಎಲ್ಲರಿಗೂ ಒಂದೇ ಲೋಟ. ಎರಡು, ಗೊಬ್ಬರದ ದಾಸ್ತಾನು ಇಳಿಸುವ ಹಮಾಲರಿಗೆ, ಡ್ರೈವರುಗಳಿಗೆ ಕೂರಲು ನೆರಳು. ಮೂರು, ಓದು ಬರಹ ಬಾರದವರು ಸದಸ್ಯರಿರಲಿ ಬಿಡಲಿ, ಪಿಂಚಣಿ, ಪಹಣಿ, ಆಸ್ಪತ್ರೆಯ ಕಾಗದ ಹಿಡಿದು ಬಂದರೆ ವಾರದಲ್ಲಿ ಒಂದು ದಿವಸ ಕೂತು ಓದಿ ಹೇಳುವುದು. ಇವಕ್ಕೆ ಖರ್ಚು ಹೆಚ್ಚಿಲ್ಲ. ಲಾಭ ವಿಂಗಡಿಸುವಾಗ ಒಂದು ಚಿಕ್ಕ ಬಾಬತ್ತು ತೆಗೆದಿಟ್ಟರೆ ಸಾಕು.

ಲೆಕ್ಕ ತಪಾಸಣೆಯವರು ಬಂದು ಇದರ ವಸೂಲಿ ಎಲ್ಲಿ ಎಂದು ಕೇಳಿದರೆ, ಇದು ವಸೂಲಾಗದ ಸಾಲ, ನಮ್ಮ ಹಿರೇರು ಹಿಂಗೇ ಕೊಡ್ತಿದ್ರು ಎಂದು ಹೇಳೋಣ.