ಆರು ಡಾಲರಿನ ಹೆಸರು

ಇಂಟರ್‌ನೆಟ್ಟಿನಲ್ಲಿ ಹೆಸರಿಗೆ ಮೊದಲು ಬೆಲೆಯೇ ಇರಲಿಲ್ಲ. 1985ರ ಮಾರ್ಚ್ 15ರಂದು ಅಮೆರಿಕದ ಸಿಂಬಾಲಿಕ್ಸ್ ಕಂಪನಿ ಮೊಟ್ಟಮೊದಲ ಡಾಟ್ ಕಾಮ್ ಹೆಸರು ಪಡೆದಾಗ ಬಿಡಿಗಾಸೂ ಖರ್ಚಾಗಲಿಲ್ಲ. ಹತ್ತು ವರ್ಷ ಹಾಗೇ ನಡೆಯಿತು. 1995ರ ಸೆಪ್ಟೆಂಬರಿನಲ್ಲಿ ಹೆಸರುಗಳನ್ನು ನೋಂದಾಯಿಸುತ್ತಿದ್ದ ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪನಿ ಎರಡು ವರ್ಷಕ್ಕೆ 100 ಡಾಲರ್ ಶುಲ್ಕ ಹೇರಿತು. ಬೇಡವೆಂದರೆ ಬೇರೆ ಅಂಗಡಿ ಇರಲಿಲ್ಲ.

ದುಬಾರಿಯಾದ ಮಾತ್ರಕ್ಕೆ ಕೆಲಸ ಅಚ್ಚುಕಟ್ಟಾಗಿತ್ತೇ? ಅದೇ ವರ್ಷ ಒಂದು ನಕಲಿ ಪತ್ರವನ್ನು ನಂಬಿ ಕಂಪನಿಯು ಗ್ಯಾರಿ ಕ್ರೆಮನ್ ಅವರ ಸೆಕ್ಸ್ ಡಾಟ್ ಕಾಮ್ ಹೆಸರನ್ನು ಬೇರೊಬ್ಬನಿಗೆ ದಾಟಿಸಿಬಿಟ್ಟಿತು. ಮಾಲೀಕರನ್ನು ಒಂದು ಮಾತೂ ಕೇಳಲಿಲ್ಲ. ಕೋರ್ಟು ಅದನ್ನು ಕ್ರೆಮನ್‌ಗೆ ವಾಪಸು ಕೊಡಿಸುವಷ್ಟರಲ್ಲಿ 2000ನೇ ಇಸವಿ ಬಂದಿತ್ತು.

ಅಷ್ಟರಲ್ಲಿ ಏಕಸ್ವಾಮ್ಯ ಒಡೆದಿತ್ತು. 1999ರಲ್ಲಿ, ಇಂಟರ್‌ನೆಟ್ ಹೆಸರುಗಳ ವ್ಯವಸ್ಥೆಯ ಉಸ್ತುವಾರಿ ಸಂಸ್ಥೆಯಾದ ಐಕ್ಯಾನ್ ಪ್ರಯೋಗಕ್ಕೆಂದು ಐದು ಸಂಸ್ಥೆಗಳನ್ನು ಕಣಕ್ಕಿಳಿಸಿತು. ಆಮೇಲೆ ಈ ಅಂಗಡಿಗಳು ನೆಟ್‌ವರ್ಕ್ ಸೊಲ್ಯೂಷನ್ಸ್‌ಗೆ ಕೊಡಬೇಕಾದ ಸಗಟು ದರ ವರ್ಷಕ್ಕೆ 6 ಡಾಲರಿಗೆ ನಿಂತಿತು. ಗೋಡ್ಯಾಡಿ ಎಂಬ ಅಂಗಡಿ ಅದೇ ಹೆಸರನ್ನು 8.95 ಡಾಲರಿಗೆ ಮಾರತೊಡಗಿತು. ಉಳಿಯುತ್ತಿದ್ದುದು ಮೂರು ಡಾಲರಿಗೂ ಕಡಿಮೆ. ಕಾರ್ಡಿನ ಕಮಿಷನ್, ಸರ್ವರ್, ಸಿಬ್ಬಂದಿಯ ಸಂಬಳ ಎಲ್ಲ ಅದರಲ್ಲೇ ಆಗಬೇಕಿತ್ತು. ಗ್ರಾಹಕ ಫೋನ್ ಹಚ್ಚಿ ಅರ್ಧ ಗಂಟೆ ಮಾತಾಡಿದರೆ ಆ ಹೆಸರಿನ ಲಾಭ ಮುಗಿದಂತೆಯೇ! ಹಾಗಾಗಿ ಹೆಸರು ನೆಪವಾಯಿತು, ಜೊತೆಗೆ ಮಾರುವ ಹೋಸ್ಟಿಂಗ್, ಇಮೇಲ್‌ಗಳೇ ವ್ಯಾಪಾರವಾದವು.

ನಿಜವಾದ ದುಡ್ಡು ಎಲ್ಲಿದೆಯೆಂದು ವೆರಿಸೈನ್ ಕಂಪನಿಗೆ ಗೊತ್ತಿತ್ತು. 2000ರಲ್ಲಿ ಸುಮಾರು 2,100 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ನೆಟ್‌ವರ್ಕ್ ಸೊಲ್ಯೂಷನ್ಸ್ ಕೊಂಡ ಅದು, ಮೂರೇ ವರ್ಷಕ್ಕೆ ಚಿಲ್ಲರೆ ಅಂಗಡಿಯನ್ನು ಮಾರಿ, ಸಗಟು ದರ ವಸೂಲಾಗುವ ಗೋದಾಮನ್ನು ಮಾತ್ರ ಇಟ್ಟುಕೊಂಡಿತು.

ಅಂಗಡಿಯವರು ಉಳಿತಾಯ ಮಾಡಿದ್ದೆಲ್ಲಿ ಎಂಬುದು 2005ರ ಜನವರಿಯ ಒಂದು ವಾರಾಂತ್ಯದಲ್ಲಿ ಬಯಲಾಯಿತು. ನ್ಯೂಯಾರ್ಕಿನ ಹಳೆಯ ಇಂಟರ್‌ನೆಟ್ ಕಂಪನಿ ಪ್ಯಾನಿಕ್ಸ್‌ನ ಹೆಸರು ಕಳುವಾಗಿ ಆಸ್ಟ್ರೇಲಿಯಾದ ನೋಂದಣಿ ಕಂಪನಿ ಮೆಲ್ಬರ್ನ್ ಐಟಿಯ ಖಾತೆಗೆ ಹೋಗಿತ್ತು. ಗ್ರಾಹಕರ ಇಮೇಲ್ ದಾರಿ ತಪ್ಪಿತು. ಮೆಲ್ಬರ್ನ್‌ನ ಸಹಾಯ ವಿಭಾಗ ಶನಿವಾರ, ಭಾನುವಾರ ಬಾಗಿಲು ಹಾಕಿತ್ತು. ಅಲ್ಲಿ ಸೋಮವಾರ ಬೆಳಗಾಗುವವರೆಗೆ ಪರಿಹಾರ ಸಿಗಲಿಲ್ಲ. ಮೆಲ್ಬರ್ನ್ ಐಟಿಯ ಮರುಮಾರಾಟಗಾರನೊಬ್ಬ ಮಾಡಬೇಕಿದ್ದ ತಪಾಸಣೆಯನ್ನೇ ಮಾಡಿರಲಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ರಿಜಿಸ್ಟರ್‌ಫ್ಲೈ. ಅಗ್ಗದ ದರದಿಂದ ಬೆಳೆದ ನ್ಯೂಜೆರ್ಸಿಯ ಈ ಕಂಪನಿ ಮಾಲೀಕರ ಜಗಳದಲ್ಲಿ ಕುಸಿಯಿತು. ನವೀಕರಣಕ್ಕೆ ಹಣ ಕಟ್ಟಿದವರ ಹೆಸರುಗಳೇ ಕೈತಪ್ಪಿದವು. ಇನ್ನೊಂದು ವಿಪರ್ಯಾಸ: ಗೋಪ್ಯತೆಗೆಂದು ಹೆಚ್ಚು ಹಣ ತೆತ್ತವರ ವಿವರ ಸಾರ್ವಜನಿಕ ದಾಖಲೆಯಲ್ಲಿ ಇರಲಿಲ್ಲವಾದ್ದರಿಂದ, ಹೆಸರು ತಮ್ಮದೆಂದು ಸಾಬೀತು ಮಾಡುವುದೇ ಅವರಿಗೆ ಕಷ್ಟವಾಯಿತು. 2007ರ ಮಾರ್ಚ್‌ನಲ್ಲಿ ಐಕ್ಯಾನ್ ಮಾನ್ಯತೆ ರದ್ದತಿಯ ನೋಟಿಸು ಕೊಟ್ಟಿತು. ಮೇ ತಿಂಗಳಲ್ಲಿ ಸುಮಾರು 8.5 ಲಕ್ಷ ಹೆಸರುಗಳು ಗೋಡ್ಯಾಡಿಯ ಪಾಲಾದವು.

ನೋಂದಣಿದಾರರ ದಾಖಲೆಯ ಪ್ರತಿಯನ್ನು ಮೂರನೆಯವರ ಬಳಿ ಇಡಬೇಕೆಂಬ ಷರತ್ತು ಐಕ್ಯಾನ್‌ನ 2001ರ ಒಪ್ಪಂದದಲ್ಲೇ ಇತ್ತು. ಅದಕ್ಕೆ ಐರನ್ ಮೌಂಟನ್ ಕಂಪನಿಯನ್ನು ನೇಮಿಸಿದ್ದು ಮಾತ್ರ ರಿಜಿಸ್ಟರ್‌ಫ್ಲೈ ಮುಳುಗಿದ ಮೇಲೆ, 2007ರ ಕೊನೆಯಲ್ಲಿ.