ಮನೆಯನ್ನೂ ಕಾರ್ಖಾನೆಯನ್ನೂ ಕಟ್ಟಿದ ಖ್ವಾಜಾ ಅಬ್ದುಲ್ ಹಮೀದ್

ನಿಮ್ಮ ಮನೆಯ ಔಷಧಿ ಡಬ್ಬಿಯನ್ನೊಮ್ಮೆ ತೆಗೆದು ನೋಡಿ. ಯಾವುದಾದರೂ ಒಂದು ಮಾತ್ರೆಯ ಮೇಲೆ ‘ಸಿಪ್ಲಾ’ ಅಂತ ಬರೆದಿರಬಹುದು. ಆ ಹೆಸರಿನ ಹಿಂದೆ ಯಾರಿದ್ದರು ಅಂತ ಕೇಳಿದರೆ ನಮ್ಮ ಹುಡುಗರಲ್ಲಿ ಎಷ್ಟು ಜನ ಹೇಳಿಯಾರು? ಮುಂಬೈಯ ನಮ್ಮವರು ಮುಂಬೈ ಸೆಂಟ್ರಲ್ ಸ್ಟೇಷನ್ನಿನಲ್ಲಿ ನೂರು ಸಲ ಇಳಿದಿರುತ್ತಾರೆ. ಆ ಪ್ರದೇಶದ ಒಂದು ಬಾಡಿಗೆ ಬಂಗಲೆಯಲ್ಲೇ ಈ ಕಂಪನಿ ಶುರುವಾಯಿತು. ಶುರು ಮಾಡಿದವರು ಖ್ವಾಜಾ ಅಬ್ದುಲ್ ಹಮೀದ್.

ಹಮೀದ್ ಹುಟ್ಟಿದ್ದು 1898ರಲ್ಲಿ, ಅಲಿಗಢದಲ್ಲಿ. ರಸಾಯನಶಾಸ್ತ್ರ ಓದುತ್ತಿದ್ದಾಗಲೇ ಅಸಹಕಾರ ಚಳವಳಿಯ ಕರೆ ಬಂತು. ಸರ್ಕಾರಿ ಕಾಲೇಜು ಬಿಟ್ಟರು. 1920ರಲ್ಲಿ ಅಲಿಗಢದಲ್ಲೇ ಶುರುವಾದ ಜಾಮಿಯಾ ಮಿಲ್ಲಿಯಾದಲ್ಲಿ ಪಾಠ ಹೇಳಿದರು. ಮುಂದೆ ರಾಷ್ಟ್ರಪತಿಯಾದ ಝಾಕಿರ್ ಹುಸೇನ್ ಅಲ್ಲಿ ಅವರ ಗೆಳೆಯ. ಆಮೇಲೆ ಹಮೀದ್ ಜರ್ಮನಿಗೆ ಹೋದರು. ರಾಸಾಯನಿಕ ಉದ್ಯಮದಲ್ಲಿ ಆಗ ಜರ್ಮನಿಯೇ ಮುಂದು. ಬರ್ಲಿನ್ನಿನಲ್ಲಿ ಡಾಕ್ಟರೇಟ್ ಪಡೆದರು.

ಅಲ್ಲೇ ಅವರಿಗೆ ಲೂಬಾ ಸಿಕ್ಕಿದರು, ವಿಲ್ನಿಯಸ್ ಕಡೆಯ ಯಹೂದಿ ಹುಡುಗಿ. ಅಲಿಗಢ ಎಲ್ಲಿ, ವಿಲ್ನಿಯಸ್ ಎಲ್ಲಿ! ಧರ್ಮ ಬೇರೆ, ಭಾಷೆ ಬೇರೆ. ಆದರೂ 1928ರಲ್ಲಿ ಮದುವೆಯಾದರು. ಆಕೆ ತನ್ನ ಊರು ಬಿಟ್ಟು ಬೊಂಬಾಯಿಯ ಸೊಸೆಯಾದರು. ತವರಿನ ನಂಟನ್ನು ಮಾತ್ರ ಕಡಿದುಕೊಳ್ಳಲಿಲ್ಲ. ಹಿರಿಯ ಮಗ ಯೂಸುಫ್ ಹುಟ್ಟಿದ್ದು 1936ರಲ್ಲಿ, ತಾಯಿಯ ಊರು ವಿಲ್ನಿಯಸ್ಸಿನಲ್ಲೇ. ಐದೇ ವರ್ಷಕ್ಕೆ ನಾಜಿಗಳು ಆ ಊರಿಗೆ ನುಗ್ಗಿ ಅಲ್ಲಿನ ಯಹೂದಿಗಳನ್ನು ಸಾವಿರ ಸಾವಿರ ಲೆಕ್ಕದಲ್ಲಿ ಕೊಂದರು. ಬೊಂಬಾಯಿಯ ಮನೆ ಲೂಬಾ ಅವರಿಗೆ ಎಂಥ ಆಸರೆಯಾಗಿತ್ತು ಅಂತ ನೀವೇ ಯೋಚಿಸಿ.

ಮಗ ಹುಟ್ಟುವ ಹಿಂದಿನ ವರ್ಷ, 1935ರಲ್ಲಿ, ಹಮೀದ್ ‘ಕೆಮಿಕಲ್, ಇಂಡಸ್ಟ್ರಿಯಲ್ ಅಂಡ್ ಫಾರ್ಮಾಸ್ಯೂಟಿಕಲ್ ಲ್ಯಾಬೊರೇಟರೀಸ್’ ಅನ್ನುವ ಕಂಪನಿ ಕಟ್ಟಿದ್ದರು. ಆ ಉದ್ದದ ಹೆಸರಿನ ಮೊದಲಕ್ಷರಗಳೇ ಸಿಪ್ಲಾ. 1937ರಲ್ಲಿ ಔಷಧಿ ತಯಾರಿ ಶುರುವಾಯಿತು. 1939ರಲ್ಲಿ ಗಾಂಧೀಜಿಯೇ ಬಂದು ಕಾರ್ಖಾನೆ ನೋಡಿ ಹೋದರು. ಯುದ್ಧದ ಕಾಲದಲ್ಲಿ ಹೊರದೇಶದ ಔಷಧಿ ಸಿಗುವುದು ಕಷ್ಟವಾದಾಗ, ನಮ್ಮ ನೆಲದಲ್ಲೇ ಔಷಧಿ ಮಾಡಬೇಕು ಅನ್ನುವ ಅವರ ಹಠದ ಬೆಲೆ ಜನರಿಗೆ ಗೊತ್ತಾಯಿತು.

1947ರಲ್ಲಿ ಅನುಕೂಲಸ್ಥ ಮುಸ್ಲಿಂ ಮನೆಗಳಲ್ಲೆಲ್ಲ ಒಂದೇ ಪ್ರಶ್ನೆ: ಇರೋದಾ, ಹೋಗೋದಾ? ಹಮೀದ್ ಇಲ್ಲೇ ಉಳಿದರು. ಹೆಂಡತಿ ಮಕ್ಕಳ ಬದುಕನ್ನೂ ಕಾರ್ಖಾನೆಯನ್ನೂ ಈ ದೇಶದ ಜೊತೆಗೇ ಕಟ್ಟಿಹಾಕಿದರು. ಬೊಂಬಾಯಿಯ ಶಾಸನಸಭೆಯಲ್ಲಿ ಕೂತರು, ನಗರದ ಶೆರೀಫರೂ ಆದರು.

1972ರಲ್ಲಿ ಹಮೀದ್ ತೀರಿಕೊಂಡರು. ಅದೇ ವರ್ಷ ಭಾರತದ ಹೊಸ ಪೇಟೆಂಟ್ ಕಾನೂನು ಜಾರಿಗೆ ಬಂತು. ಔಷಧಿಗೇ ಪೇಟೆಂಟ್ ಇಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಅಂತಾಯಿತು. ಬೇರೆ ದಾರಿಯಲ್ಲಿ ಅದೇ ಔಷಧಿಯನ್ನು ಅಗ್ಗವಾಗಿ ಮಾಡಲು ನಮ್ಮ ಕಂಪನಿಗಳಿಗೆ ಬಾಗಿಲು ತೆರೆಯಿತು. ಇದಕ್ಕಾಗಿ ವಾದ ಮಾಡಿದವರಲ್ಲಿ ಮಗ ಯೂಸುಫ್ ಒಬ್ಬರು. ಕೇಂಬ್ರಿಡ್ಜ್‌ನಲ್ಲಿ ರಸಾಯನಶಾಸ್ತ್ರ ಓದಿ, 1960ರಲ್ಲಿ ತಂದೆಯ ಕಂಪನಿಗೇ ವಾಪಸು ಬಂದಿದ್ದರು. 2001ರಲ್ಲಿ ಏಡ್ಸ್ ರೋಗಿಗೆ ವರ್ಷದ ಔಷಧಿ ಹತ್ತು ಸಾವಿರ ಡಾಲರ್ ದಾಟಿದ್ದಾಗ, ಬಡದೇಶಗಳಲ್ಲಿ ಉಚಿತವಾಗಿ ಚಿಕಿತ್ಸೆ ಕೊಡುತ್ತಿದ್ದ ವೈದ್ಯರ ಸಂಸ್ಥೆಗೆ 350 ಡಾಲರಿಗೆ ಕೊಡುತ್ತೇವೆ ಅಂದದ್ದು ಸಿಪ್ಲಾ. ಆಫ್ರಿಕಾದ ಎಷ್ಟೋ ಮನೆಗಳಲ್ಲಿ ತಾಯ್ತಂದೆಯರು ಉಳಿದದ್ದು ಹೀಗೆ ಬೆಲೆ ಇಳಿದದ್ದರಿಂದ.

ಈಗ ಹೇಳಿ, ಹಮೀದ್ ಮಕ್ಕಳಿಗೆ ಬಿಟ್ಟುಹೋದ ಆಸ್ತಿ ಯಾವುದು? ಬರೀ ಕಂಪನಿಯೇ? ನಮ್ಮಲ್ಲಿ ಹೋಟೆಲು, ಅಂಗಡಿ, ವ್ಯಾಪಾರ ನಡೆಸುವವರಿಗೆ ಕಡಿಮೆಯಿಲ್ಲ. ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಮಗನಿಗೋ ಮಗಳಿಗೋ ಕೊಡುವುದು ಸುಲಭ. ಅದರ ಜೊತೆಗೆ ವಿದ್ಯೆಯನ್ನೂ, ಈ ದುಡಿಮೆ ಯಾರಿಗಾಗಿ ಅನ್ನುವ ತಿಳುವಳಿಕೆಯನ್ನೂ ಕೊಟ್ಟರೆ ಅದು ಮುಂದಿನ ತಲೆಮಾರಿನಲ್ಲೂ ಬೆಳೆಯುತ್ತದೆ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಮಕ್ಕಳಿಗೆ ಈ ಕತೆ ಹೇಳಿ. ಔಷಧಿ ಡಬ್ಬಿಯನ್ನೂ ತೋರಿಸಿ.